ಸಬ್ ನಿಲ್ಲುತ್ತೆ, ಟ್ವೀಟರ್ ಸುಡುತ್ತೆ: ದೊಡ್ಡ ಆಂಪ್ ಬೇಕಾ?

ಪ್ರಶ್ನೆ: ನನ್ನ ಕಾರಿನ ಡಿಕ್ಕಿಯಲ್ಲಿ ಎರಡು ಆಂಪ್ಲಿಫೈಯರ್ ಇವೆ. ಡೋರ್ ಸ್ಪೀಕರ್ ಮತ್ತು ಟ್ವೀಟರ್‌ಗಳಿಗೆ (ಮೇಲಿನ ಸ್ವರಗಳ ಪುಟ್ಟ ಸ್ಪೀಕರ್) 4 ಚಾನೆಲ್‌ನದು, ಚಾನೆಲ್‌ಗೆ 75 ವ್ಯಾಟ್. ಬಾಸ್‌ಗೆ ಇರುವ ಸಬ್‌ವೂಫರ್‌ಗೆ 500 ವ್ಯಾಟ್‌ನ ಮೋನೋ (ಒಂದೇ ಚಾನೆಲ್‌ನ) ಆಂಪ್. ಸಬ್ 12 ಇಂಚಿನದು, ಡ್ಯುಯಲ್ 4 ಓಮ್, ಪೋರ್ಟ್ (ಗಾಳಿ ಆಡುವ ಕಿಂಡಿ) ಇರುವ ಬಾಕ್ಸ್. ಎರಡೂ ಆಂಪ್‌ಗೆ ಸೇರಿಸಿ ಒಂದೇ 8 ಗೇಜ್ ವೈರ್ ಎಳೆದಿದ್ದೇನೆ. ಎರಡರಲ್ಲೂ ಗೇನ್ ಮುಕ್ಕಾಲು, ಬಾಸ್ ಬೂಸ್ಟ್ ಪೂರ್ತಿ. ಸೌಂಡ್ ಜಾಸ್ತಿ ಮಾಡಿದರೆ ಸಬ್ ಆಂಪ್‌ನಲ್ಲಿ ಕೆಂಪು ಲೈಟ್ ಬಂದು ನಿಂತುಹೋಗುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿ ಶುರುವಾಗುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರ್‌ನಲ್ಲಿ ಕುಂಯ್ ಅನ್ನುವ ಸದ್ದು ಏರುತ್ತದೆ. ಹೋದ ತಿಂಗಳು ಒಂದು ಟ್ವೀಟರ್ ಸುಟ್ಟುಹೋಯಿತು. ಇನ್ನೂ ದೊಡ್ಡ ಆಂಪ್ ಹಾಕಿಸಲಾ?

ಉತ್ತರ: ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ನೀವು ಬರೆದಿರುವ ಮೂರೂ ತೊಂದರೆ ಆಂಪ್ ಚಿಕ್ಕದು ಅನ್ನುವುದಕ್ಕೆ ಬಂದಿರುವ ಹಾಗೆ ಕಾಣುವುದಿಲ್ಲ. ಆಂಪ್‌ಗೆ ಕರೆಂಟ್ ಸರಿಯಾಗಿ ಸಿಗುತ್ತಿಲ್ಲ, ಅದರ ಮೇಲೆ ನಾಬ್‌ಗಳನ್ನು ತಿರುಗಿಸಿ ಅದರಿಂದ ಆಗದ ಕೆಲಸ ಕೇಳುತ್ತಿದ್ದೀರಿ. 1000 ವ್ಯಾಟ್‌ನದು ಹಾಕಿದರೆ ಇದೇ ವೈರಿನ ಮೇಲೆ ಅದು ಇನ್ನೂ ಬೇಗ ನಿಲ್ಲುತ್ತದೆ.

ಮೊದಲು ಲೆಕ್ಕ ನೋಡೋಣ. ನಿಮ್ಮ ಮೋನೋ ಆಂಪ್ ಕ್ಲಾಸ್ ಡಿ ಇರಬೇಕು, ಈಗ ಮೋನೋ ಅಂದರೆ ಬಹುತೇಕ ಅದೇ. ಅದರ ದಕ್ಷತೆ ಸುಮಾರು 80 ಪರ್ಸೆಂಟ್. 500 ವ್ಯಾಟ್ ಹೊರಗೆ ಕೊಡಬೇಕಾದರೆ 625 ವ್ಯಾಟ್ ಒಳಗೆ ಎಳೆಯಬೇಕು. ಎಂಜಿನ್ ಓಡುವಾಗ 13.8 ವೋಲ್ಟ್ ಸಿಕ್ಕಿದರೆ ಅದು 45 ಆಂಪಿಯರ್. 4 ಚಾನೆಲ್‌ನದು ಕ್ಲಾಸ್ ಎಬಿ ಆಗಿದ್ದರೆ ದಕ್ಷತೆ 55ರ ಆಸುಪಾಸು. 300 ವ್ಯಾಟ್‌ಗೆ ಅದು 40 ಆಂಪಿಯರ್ ಎಳೆಯುತ್ತದೆ. ಒಟ್ಟು 85. ಹಾಡು ಹಾಕಿದಾಗ ಇಷ್ಟು ಕರೆಂಟ್ ಒಂದೇ ಸಮನೆ ಹೋಗುವುದಿಲ್ಲ, ಡ್ರಮ್ ಬಿದ್ದ ಕ್ಷಣಕ್ಕೆ ಮಾತ್ರ ಹೋಗುತ್ತದೆ. ಆದರೆ ಆಂಪ್ ಕೈಕೊಡುವುದೂ ಆ ಕ್ಷಣದಲ್ಲೇ ಅಲ್ವಾ?

5 ಮೀಟರ್ ಉದ್ದದ 8 ಗೇಜ್ ತಾಮ್ರದ ವೈರ್‌ನಲ್ಲಿ 85 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. 4 ಗೇಜ್ ಆದರೆ 0.35. ಇದು ಒಳ್ಳೆಯ ತಾಮ್ರದ ಲೆಕ್ಕ. ಕಿಟ್ ಜೊತೆ ಬರುವ ಅಗ್ಗದ ವೈರ್ ಬಹಳ ಸಲ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಆಗಿರುತ್ತದೆ. ಒಂದು ಎಳೆ ತೆಗೆದು ಬ್ಲೇಡ್‌ನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದೇ. ಅಂಥ ವೈರಿಗೆ ತಾಮ್ರದ ಮೂರನೇ ಎರಡು ಪಾಲು ಶಕ್ತಿಯೂ ಇರುವುದಿಲ್ಲ, ಆದ್ದರಿಂದ ನಷ್ಟ 1.4 ವೋಲ್ಟ್ ತನಕ ಹೋಗುತ್ತದೆ. ಪ್ಲಾಸ್ಟಿಕ್ ಹೊದಿಕೆ ದಪ್ಪ ಇದೆ ಅಂತ ಮೋಸ ಹೋಗಬೇಡಿ, ಒಳಗಿನ ಲೋಹ ಎಷ್ಟು ದಪ್ಪ ನೋಡಿ.

ನಿಮ್ಮ ಸಿಸ್ಟಮ್‌ಗೆ ಬ್ಯಾಟರಿಯಿಂದ ಡಿಕ್ಕಿವರೆಗೆ 4 ಗೇಜ್ ತಾಮ್ರ ಎಳೆಯಿರಿ. ಅಲ್ಲಿ ಫ್ಯೂಸ್ ಇರುವ ಡಿಸ್ಟ್ರಿಬ್ಯೂಷನ್ ಬ್ಲಾಕ್ ಹಾಕಿ, ಅದರಿಂದ ಎರಡೂ ಆಂಪ್‌ಗೆ 8 ಗೇಜ್ ತುಂಡು ಕೊಟ್ಟರೆ ಸಾಕು. ಮುಖ್ಯ ಫ್ಯೂಸ್ 100 ಆಂಪಿಯರ್‌ನದು, ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಈ ಫ್ಯೂಸ್ ಆಂಪ್ ಕಾಯುವುದಕ್ಕೆ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಅದು ಇರುವುದು ವೈರ್ ಕಾಯುವುದಕ್ಕೆ. ಎಲ್ಲೋ ಬಾಡಿಯ ತಗಡು ವೈರಿನ ಹೊದಿಕೆ ಸೀಳಿದರೆ ಬ್ಯಾಟರಿಯ ಶಕ್ತಿಯೆಲ್ಲ ಅಲ್ಲಿ ಸುರಿದು ವೈರ್ ಹೊತ್ತಿಕೊಳ್ಳುತ್ತದೆ, ಕಾರೂ ಅದರ ಜೊತೆ. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಬುಶ್ ಇಲ್ಲದೆ ವೈರ್ ತೂರಿಸಬೇಡಿ. ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗ್‌ನದು.

ಈಗ ಗ್ರೌಂಡ್ ವಿಷಯ, ಅಂದರೆ ಆಂಪ್‌ನ ಮೈನಸ್ ವೈರನ್ನು ಕಾರಿನ ಬಾಡಿಗೆ ಕೂರಿಸುವುದು. ಇದನ್ನು ನಾನು ಸ್ವಂತ ಕಾಸು ಕಳೆದುಕೊಂಡು ಕಲಿತಿದ್ದೇನೆ. ನನ್ನ ಮೊದಲ ಕಾರಿನಲ್ಲೂ ಸಬ್ ಹೀಗೇ ನಿಲ್ಲುತ್ತಿತ್ತು. ಆಂಪ್ ಕೆಟ್ಟಿದೆ ಅಂತ ಸೆಕೆಂಡ್ ಹ್ಯಾಂಡ್‌ಗೆ ಮಾರಿ ಹೊಸದು ತಂದೆ. ಹೊಸದೂ ನಿಂತಿತು. ಆಮೇಲೆ ಬುದ್ಧಿ ಬಂದು ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ತೆಗೆದೆ. ಎರಡು ಕಡ್ಡಿಯನ್ನೂ ಆಂಪ್‌ನ ಪ್ಲಸ್, ಮೈನಸ್ ಸ್ಕ್ರೂಗಳ ಮೇಲೆ ಒತ್ತಿ ಹಿಡಿದು, ಎಂಜಿನ್ ಓಡುತ್ತಿರುವಾಗ ಹಾಡು ಹಾಕಿದೆ. ಸುಮ್ಮನಿದ್ದಾಗ 13.9. ಡ್ರಮ್ ಬಿದ್ದಾಗ 10.6. ಮತ್ತೆ 13.9. ಮತ್ತೆ 10.6. ಪ್ಲಸ್ ವೈರ್ ದಪ್ಪಗೇ ಇತ್ತು. ಮೈನಸ್ ವೈರ್ ಕೂರಿಸಿದ ಬೋಲ್ಟ್ ಬಿಚ್ಚಿ ನೋಡಿದರೆ, ರಿಂಗ್ ಕೂತಿದ್ದು ಪೇಂಟ್ ಮೇಲೆ. ಲೋಹಕ್ಕೆ ತಾಗಿದ್ದು ಬೋಲ್ಟಿನ ಎಳೆ ಮಾತ್ರ. ಕಾಸಿನಗಲದಷ್ಟು ಪೇಂಟ್ ಅನ್ನು ಉಪ್ಪುಕಾಗದದಿಂದ ಉಜ್ಜಿ, ತಗಡು ಬೆಳ್ಳಗೆ ಹೊಳೆಯುವ ಹಾಗೆ ಮಾಡಿ, ಬಿಗಿಯಾಗಿ ಕೂರಿಸಿದೆ. 13.9ರಿಂದ 13.3ಕ್ಕೆ ಇಳಿದು ಅಲ್ಲೇ ನಿಂತಿತು. ಮಾರಿದ ಆಂಪ್ ಚೆನ್ನಾಗಿಯೇ ಇತ್ತು!

ನೀವೂ ಇದೇ ಅಳತೆ ಮಾಡಿ. ಡ್ರಮ್ ಬಿದ್ದಾಗ 12 ವೋಲ್ಟ್‌ಗಿಂತ ಕೆಳಗೆ ಜಾರಿದರೆ ತಪ್ಪು ಯಾವ ಕಡೆ ಇದೆ ಅಂತ ಹುಡುಕಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಆಂಪ್‌ನ ಮೈನಸ್ ಮೇಲೆ. ಕಡ್ಡಿಯ ವೈರ್ ಉದ್ದ ಸಾಲದಿದ್ದರೆ ಯಾವುದಾದರೂ ತೆಳು ವೈರ್ ಜೋಡಿಸಿಕೊಳ್ಳಿ. ಹಾಡು ಜೋರಾಗಿ ಓಡುವಾಗ 0.1, 0.2 ವೋಲ್ಟ್ ತೋರಿಸಿದರೆ ಗ್ರೌಂಡ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಬಿಚ್ಚಿ ಉಜ್ಜಿ. ಪ್ಲಸ್‌ನಿಂದ ಪ್ಲಸ್‌ಗೆ ಹೀಗೇ ಅಳೆದರೆ ವೈರಿನಲ್ಲಿ ಎಷ್ಟು ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಗ್ರೌಂಡ್ ವೈರ್ ಪ್ಲಸ್ ವೈರಿನಷ್ಟೇ ದಪ್ಪ, ಆದಷ್ಟು ಗಿಡ್ಡ ಇರಲಿ. ಸೀಟ್ ಬೆಲ್ಟ್ ಬೋಲ್ಟ್‌ಗೆ ಮಾತ್ರ ಕಟ್ಟಬೇಡಿ. ಅದರ ಕೆಲಸ ಬೇರೆ.

ಕೆಂಪು ಲೈಟಿಗೆ ಇನ್ನೊಂದು ಕಾರಣವೂ ಇರಬಹುದು. ನಿಮ್ಮ ಸಬ್‌ನ ಎರಡು 4 ಓಮ್ ಕಾಯಿಲ್‌ಗಳನ್ನು ಪ್ಯಾರಲಲ್ ಜೋಡಿಸಿದರೆ 2 ಓಮ್, ಸೀರೀಸ್ ಜೋಡಿಸಿದರೆ 8. ಬಾಕ್ಸ್‌ನಿಂದ ಬರುವ ವೈರ್ ಆಂಪ್‌ನಿಂದ ಬಿಚ್ಚಿ ಮೀಟರಿನಲ್ಲಿ ಓಮ್ ನೋಡಿ. ಪ್ಯಾರಲಲ್ ಆಗಿದ್ದರೆ 2ಕ್ಕಿಂತ ಸ್ವಲ್ಪ ಕಮ್ಮಿ, 1.7ರ ಹತ್ತಿರ ತೋರಿಸುತ್ತದೆ. ಮೊದಲು ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ ಬರುವ 0.2, 0.3 ಅನ್ನು ಕಳೆಯುವುದು ಮರೆಯಬೇಡಿ. 1ಕ್ಕಿಂತ ಕೆಳಗೆ ಬಂದರೆ ಎಲ್ಲೋ ಎಳೆ ಎಳೆಗೆ ತಾಗಿದೆ, ಇಲ್ಲವೇ ಕಾಯಿಲ್ ಸುಟ್ಟು ಒಳಗೇ ಶಾರ್ಟ್ ಆಗಿದೆ. ಆಂಪ್‌ನ ಮೇಲೆ ಕನಿಷ್ಠ ಎಷ್ಟು ಓಮ್ ಅಂತ ಬರೆದಿದೆಯೋ ಅದಕ್ಕಿಂತ ಕೆಳಗಿನ ಲೋಡ್ ಹಾಕಲೇಬೇಡಿ. ಆಂಪನ್ನು ಕಾರ್ಪೆಟ್ ಕೆಳಗೆ ತುರುಕಿದ್ದರೆ, ಸಬ್ ಬಾಕ್ಸ್ ಮೇಲೆ ಸ್ಕ್ರೂ ಹಾಕಿದ್ದರೆ ಅದನ್ನೂ ಬದಲಿಸಿ. ಒಂದರಲ್ಲಿ ಕಾವು ಹೋಗುವುದಿಲ್ಲ, ಇನ್ನೊಂದರಲ್ಲಿ ಅದುರಿ ಅದುರಿ ಬೆಸುಗೆ ಬಿಡುತ್ತದೆ.

ವೈರಿಂಗ್ ಸರಿಯಾದ ಮೇಲೆ ಗೇನ್.

ಗೇನ್ ಅನ್ನು ಎಲ್ಲರೂ ವಾಲ್ಯೂಮ್ ಅಂದುಕೊಳ್ಳುತ್ತಾರೆ. ತಿರುಗಿಸಿದರೆ ಸೌಂಡ್ ಏರುತ್ತದಲ್ಲ, ಅದಕ್ಕೆ. ಆದರೆ ಅದು ಇರುವುದು ನಿಮ್ಮ ಸ್ಟೀರಿಯೋದಿಂದ ಬರುವ ಸಿಗ್ನಲ್‌ಗೂ ಆಂಪ್‌ಗೂ ಹೊಂದಾಣಿಕೆ ಮಾಡುವುದಕ್ಕೆ. ಒಂದು ಸ್ಟೀರಿಯೋ ಆರ್‌ಸಿಎಯಲ್ಲಿ (ಆಂಪ್‌ಗೆ ಸಿಗ್ನಲ್ ಒಯ್ಯುವ ಕೇಬಲ್) 2 ವೋಲ್ಟ್ ಕೊಡುತ್ತದೆ, ಇನ್ನೊಂದು 4 ಅಥವಾ 5. ಬರುವ ವೋಲ್ಟ್ ಕಮ್ಮಿ ಇದ್ದರೆ ಗೇನ್ ಜಾಸ್ತಿ ಬೇಕು, ಜಾಸ್ತಿ ಇದ್ದರೆ ಕಮ್ಮಿ ಸಾಕು. ಆಂಪ್‌ನ ಪೂರ್ತಿ ಶಕ್ತಿ ಗೇನ್ ಕಾಲು ಭಾಗದಲ್ಲಿದ್ದಾಗಲೇ ಬಂದುಬಿಡಬಹುದು. ಅದರಾಚೆ ನೀವು ತಿರುಗಿಸಿದ್ದೆಲ್ಲ ಶಕ್ತಿ ಆಗುವುದಿಲ್ಲ, ಕ್ಲಿಪ್ಪಿಂಗ್ ಆಗುತ್ತದೆ. ಅಂದರೆ ಅಲೆಯ ತುದಿ ಮೇಲೆ ಹೋಗಲು ಜಾಗವಿಲ್ಲದೆ, ಸೂರಿಗೆ ತಲೆ ತಾಗಿದ ಹಾಗೆ, ಚಪ್ಪಟೆಯಾಗುತ್ತದೆ. ಪೂರ್ತಿ ಚೌಕವಾದ ಅಲೆಯಲ್ಲಿ ಅದೇ ಎತ್ತರದ ದುಂಡು ಅಲೆಗಿಂತ ಎರಡು ಪಟ್ಟು ಪವರ್ ಇರುತ್ತದೆ. ಹಾಗಾಗಿ 75 ವ್ಯಾಟ್ ಆಂಪ್ ಕ್ಲಿಪ್ ಆದರೆ ಸ್ಪೀಕರ್‌ಗೆ 75ಕ್ಕಿಂತ ಎಷ್ಟೋ ಜಾಸ್ತಿ ಹೋಗುತ್ತದೆ.

ನಿಮ್ಮ ಟ್ವೀಟರ್ ಸುಟ್ಟಿದ್ದು ಹೀಗೇ ಇರಬೇಕು. ಬಾಸ್‌ನ ತುದಿ ಸೂರಿಗೆ ತಾಗಿ ನಿಂತ ಮೇಲೂ ನೀವು ವಾಲ್ಯೂಮ್ ಏರಿಸುತ್ತೀರಿ. ಬಾಸ್ ಏರುವುದಿಲ್ಲ, ಆದರೆ ಮೇಲಿನ ಸ್ವರಗಳಿಗೆ ಇನ್ನೂ ಜಾಗ ಇರುತ್ತದೆ, ಅವು ಏರುತ್ತಲೇ ಹೋಗುತ್ತವೆ. ಚಪ್ಪಟೆಯಾದ ಅಲೆಯಿಂದ ಹುಟ್ಟುವ ಹೊಸ ಕರ್ಕಶ ಸ್ವರಗಳೂ ಟ್ವೀಟರ್ ಪಾಲಿಗೇ ಬರುತ್ತವೆ. ಟ್ವೀಟರ್‌ನ ಕಾಯಿಲ್ ತಲೆಗೂದಲಿನಷ್ಟು ತೆಳು. ಪಾಪ, ಎಷ್ಟು ತಡೆದೀತು?

ಗೇನ್ ಸೆಟ್ ಮಾಡಲು ಒಂದು ಸೂತ್ರ ಸಾಕು. ವ್ಯಾಟ್ ಅನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್ ಸಿಗುತ್ತದೆ. ಡೋರ್ ಸ್ಪೀಕರ್‌ಗಳು 4 ಓಮ್ ಆದರೆ 75 ಗುಣಿಸು 4, ಅಂದರೆ 300. ವರ್ಗಮೂಲ 17.3 ವೋಲ್ಟ್. ಸಬ್‌ಗೆ 500 ಗುಣಿಸು 2, 1000. ವರ್ಗಮೂಲ 31.6. ಇಲ್ಲಿ ಆರ್‌ಎಂಎಸ್ ವ್ಯಾಟನ್ನೇ, ಅಂದರೆ ಒಂದೇ ಸಮನೆ ಕೊಡಬಲ್ಲ ವ್ಯಾಟನ್ನೇ ಹಾಕಿ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ ಪೀಕ್ ವ್ಯಾಟ್ ಮಾರಾಟಕ್ಕೆ ಇರುವುದು. ಸ್ಪೀಕರ್‌ನ ಆರ್‌ಎಂಎಸ್ ಆಂಪ್‌ನದಕ್ಕಿಂತ ಕಮ್ಮಿ ಇದ್ದರೆ ಸ್ಪೀಕರ್‌ನ ಲೆಕ್ಕವನ್ನೇ ಹಿಡಿಯಿರಿ. 50 ವ್ಯಾಟ್ ಸ್ಪೀಕರ್ ಆದರೆ 14.1 ವೋಲ್ಟ್‌ಗೆ ನಿಲ್ಲಿಸಿ.

ಸ್ಟೀರಿಯೋದಲ್ಲಿ ಈಕ್ವಲೈಜರ್ ಫ್ಲಾಟ್ ಮಾಡಿ. ಲೌಡ್‌ನೆಸ್ ಆಫ್, ಸಬ್ ಲೆವೆಲ್ ಸೊನ್ನೆ, ಬ್ಯಾಲೆನ್ಸ್ ಫೇಡರ್ ನಡುವೆ. ಆಂಪ್‌ಗಳಲ್ಲಿ ಗೇನ್ ಪೂರ್ತಿ ಕೆಳಗೆ, ಬಾಸ್ ಬೂಸ್ಟ್ ಸೊನ್ನೆ. ಸ್ಪೀಕರ್ ವೈರ್‌ಗಳನ್ನು ಆಂಪ್‌ನಿಂದ ಬಿಚ್ಚಿ ತುದಿಗಳು ಎಲ್ಲೂ ತಾಗದ ಹಾಗೆ ಇಡಿ. ಗಾಳಿ ಆಡುವ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಓಡಲು ಬಿಡಿ. ಸಬ್ ಆಂಪ್‌ನ ಲೋ ಪಾಸ್ (ಮೇಲಿನ ಸ್ವರ ತಡೆಯುವ ಫಿಲ್ಟರ್) ಪೂರ್ತಿ ಮೇಲಕ್ಕೆ, ಸಬ್‌ಸೋನಿಕ್ (ತೀರಾ ಕೆಳಗಿನ ಸ್ವರ ತಡೆಯುವ ಫಿಲ್ಟರ್) ಪೂರ್ತಿ ಕೆಳಕ್ಕೆ. ಈಗ 50 ಹರ್ಟ್ಜ್‌ನ 0 ಡಿಬಿ (ರೆಕಾರ್ಡಿಂಗ್‌ನಲ್ಲಿ ಸಾಧ್ಯವಾದ ಅತಿ ಜೋರಿನ ಮಟ್ಟ) ಟೆಸ್ಟ್ ಟೋನ್ ಹಾಕಿ, ಸ್ಟೀರಿಯೋದ ವಾಲ್ಯೂಮ್ ಅನ್ನು ಮುಕ್ಕಾಲಿಗೆ ತನ್ನಿ. 40ರ ತನಕ ಹೋಗುವ ಸ್ಟೀರಿಯೋ ಆದರೆ 30. ಅದರಾಚೆ ಕೆಲವು ಸ್ಟೀರಿಯೋಗಳು ತಾವೇ ಕ್ಲಿಪ್ ಆಗುತ್ತವೆ. ಆಮೇಲೆ ಗೇನ್ ಎಷ್ಟು ಇಳಿಸಿದರೂ ಕೊಳೆ ಹೋಗುವುದಿಲ್ಲ. ಮೀಟರ್ ಎಸಿ ವೋಲ್ಟ್‌ನಲ್ಲಿಟ್ಟು ಸ್ಪೀಕರ್ ಟರ್ಮಿನಲ್‌ಗೆ ಹಿಡಿದು ಗೇನ್ ನಿಧಾನವಾಗಿ ತಿರುಗಿಸಿ. 31.6 ಬಂದಾಗ ನಿಲ್ಲಿಸಿ. ಕಡ್ಡಿಗಳು ಒಂದಕ್ಕೊಂದು ತಾಗಬಾರದು, ತಾಗಿದರೆ ಔಟ್‌ಪುಟ್ ಶಾರ್ಟ್.

4 ಚಾನೆಲ್‌ಗೆ 1000 ಹರ್ಟ್ಜ್ ಟೋನ್ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಗ್ಗದ ಮೀಟರ್‌ಗಳು ಎಸಿಯನ್ನು 400 ಹರ್ಟ್ಜ್ ತನಕ ಮಾತ್ರ ಸರಿಯಾಗಿ ಅಳೆಯುತ್ತವೆ. ಅದರಾಚೆ ಕಮ್ಮಿ ತೋರಿಸಬಹುದು. ಕಮ್ಮಿ ತೋರಿಸಿದರೆ ನೀವು ಗೇನ್ ಜಾಸ್ತಿ ಮಾಡುತ್ತೀರಿ, ಮತ್ತೆ ಟ್ವೀಟರ್ ಹೋಗುತ್ತದೆ. ಅದಕ್ಕೆ ಹೈ ಪಾಸ್ (ಬಾಸ್ ತಡೆಯುವ ಫಿಲ್ಟರ್) ಆಫ್ ಮಾಡಿ 300 ಹರ್ಟ್ಜ್ ಟೋನ್ ಹಾಕಿ ಅಳೆಯಿರಿ. ಸರಿಯಾದ ಅಳತೆ ಬರುತ್ತದೆ.

ಮೀಟರ್‌ಗೆ ಒಂದು ಮಿತಿ ಇದೆ. ಅದು ಸಂಖ್ಯೆ ಹೇಳುತ್ತದೆ, ಅಲೆಯ ಆಕಾರ ಹೇಳುವುದಿಲ್ಲ. ಆಂಪ್ ಬರೆದಷ್ಟು ವ್ಯಾಟ್ ಕೊಡುವಂಥದ್ದಲ್ಲದಿದ್ದರೆ 31.6 ಮುಟ್ಟುವ ಮುಂಚೆಯೇ ಕ್ಲಿಪ್ ಆಗಿರುತ್ತದೆ, ಮೀಟರ್ ಸುಮ್ಮನೆ ಏರುತ್ತಾ ಹೋಗುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಆಸಿಲೋಸ್ಕೋಪ್ ಯಾರ ಹತ್ತಿರವಾದರೂ ಇದ್ದರೆ ಎರವಲು ತನ್ನಿ. ಅಲೆಯ ದುಂಡು ತಲೆ ಚಪ್ಪಟೆಯಾಗಲು ಶುರುವಾಗುವುದು ಕಣ್ಣಿಗೆ ಕಾಣುತ್ತದೆ. ಅಲ್ಲಿಂದ ಒಂದು ಕೂದಲೆಳೆ ಹಿಂದಕ್ಕೆ ತಿರುಗಿಸಿದರೆ ಆಯಿತು.

0 ಡಿಬಿ ಟೋನ್‌ನಲ್ಲಿ ಸೆಟ್ ಮಾಡಿದ ಮೇಲೆ ಹಳೆಯ, ಮೆಲ್ಲಗೆ ರೆಕಾರ್ಡ್ ಆದ ಹಾಡುಗಳು ಸ್ವಲ್ಪ ಸಪ್ಪೆ ಅನ್ನಿಸಬಹುದು. ಸಬ್‌ಗೆ ಮೈನಸ್ 5 ಡಿಬಿ ಟೋನ್ ಬಳಸುವವರು ಇದ್ದಾರೆ. ಜೋರು ಹಾಡಿನ ತುದಿಗಳು ಆಗ ಒಂಚೂರು ಕ್ಲಿಪ್ ಆಗುತ್ತವೆ, ಆದರೆ ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ನಾನೂ ಸಬ್‌ಗೆ ಹಾಗೇ ಮಾಡುತ್ತೇನೆ. ಟ್ವೀಟರ್ ಇರುವ ಚಾನೆಲ್‌ನಲ್ಲಿ ಮಾತ್ರ 0 ಡಿಬಿ ಬಿಟ್ಟು ಅಲ್ಲಾಡುವುದಿಲ್ಲ.

ಇನ್ನು ಬಾಸ್ ಬೂಸ್ಟ್. ದಯವಿಟ್ಟು ಅದನ್ನು ಮರೆತುಬಿಡಿ. 3 ಡಿಬಿ ಏರಿಸಿದರೆ ಎರಡು ಪಟ್ಟು ಪವರ್ ಬೇಕು. 12 ಡಿಬಿ ಏರಿಸಿದರೆ 16 ಪಟ್ಟು. ಅಂದರೆ ನಿಮ್ಮ 500 ವ್ಯಾಟ್ ಆಂಪ್ 45 ಹರ್ಟ್ಜ್ ಸುತ್ತ 12 ಡಿಬಿ ಬೂಸ್ಟ್ ಅನ್ನು ಕ್ಲಿಪ್ ಆಗದೆ ಕೊಡಬೇಕಾದರೆ ಉಳಿದ ಬಾಸ್ ಎಲ್ಲ 31 ವ್ಯಾಟ್‌ನಲ್ಲಿ ಓಡಬೇಕು. 500 ವ್ಯಾಟ್ ಕೊಂಡು 31 ವ್ಯಾಟ್ ಕೇಳುವುದಕ್ಕಾ?

ಕ್ರಾಸ್‌ಓವರ್, ಅಂದರೆ ಯಾವ ಸ್ವರ ಯಾವ ಸ್ಪೀಕರ್‌ಗೆ ಅಂತ ಹಂಚುವುದು, ಸುಲಭ. ಡೋರ್ ಸ್ಪೀಕರ್‌ಗಳಿಗೆ ಹೈ ಪಾಸ್ 80 ಹರ್ಟ್ಜ್, ಸಬ್‌ಗೆ ಲೋ ಪಾಸ್ 80. ಡೋರಿನಲ್ಲಿ 4 ಇಂಚಿನ ಚಿಕ್ಕ ಸ್ಪೀಕರ್ ಇದ್ದರೆ 100, 120ಕ್ಕೆ ಏರಿಸಿ. ಸ್ಟೀರಿಯೋದಲ್ಲೂ ಕ್ರಾಸ್‌ಓವರ್ ಇದ್ದರೆ ಎರಡರಲ್ಲಿ ಒಂದನ್ನು ಮಾತ್ರ ಬಳಸಿ. ನಿಮ್ಮದು ಪೋರ್ಟ್ ಇರುವ ಬಾಕ್ಸ್ ಆದ್ದರಿಂದ ಸಬ್‌ಸೋನಿಕ್ ಫಿಲ್ಟರ್ ಬೇಕೇ ಬೇಕು. ಬಾಕ್ಸ್ ಟ್ಯೂನ್ ಆಗಿರುವ ಹರ್ಟ್ಜ್‌ಗಿಂತ ಕೆಳಗೆ ಕೋನ್‌ಗೆ ಬೆನ್ನ ಹಿಂದೆ ಗಾಳಿಯ ಆಸರೆ ಇರುವುದಿಲ್ಲ. ಸದ್ದೇ ಬರದೆ ಕೋನ್ ಪಟಪಟ ಹಾರಾಡುತ್ತದೆ. ಬಾಕ್ಸ್ 35ಕ್ಕೆ ಟ್ಯೂನ್ ಆಗಿದ್ದರೆ ಫಿಲ್ಟರ್ 30ರ ಹತ್ತಿರ ಇಡಿ.

ಕುಂಯ್ ಸದ್ದಿಗೆ ಬರೋಣ. ಎಂಜಿನ್ ವೇಗಕ್ಕೆ ತಕ್ಕಂತೆ ಏರುತ್ತದೆ ಅಂದ ಮೇಲೆ ಅದು ಆಲ್ಟರ್ನೇಟರ್‌ನದು. ಸ್ಟೀರಿಯೋದ ಗ್ರೌಂಡ್ ಮುಂದೆ, ಆಂಪ್‌ನದು ಹಿಂದೆ. ಎರಡರ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ದರೂ ಆರ್‌ಸಿಎ ಕೇಬಲ್‌ನ ಹೊರಕವಚದಲ್ಲಿ ಕರೆಂಟ್ ಹರಿದು ಸದ್ದಾಗುತ್ತದೆ. ಗ್ರೌಂಡ್ ಉಜ್ಜಿ ಸರಿ ಮಾಡಿದಾಗಲೇ ಅರ್ಧ ಹೋಗಬಹುದು. ಗೇನ್ ಇಳಿಸಿದಾಗ ಇನ್ನಷ್ಟು ಹೋಗುತ್ತದೆ, ಯಾಕೆಂದರೆ ಇಷ್ಟು ದಿನ ನೀವು ಹಾಡಿನ ಜೊತೆ ಆ ಸದ್ದನ್ನೂ ಬೆಳೆಸುತ್ತಿದ್ದಿರಿ. ಆಮೇಲೂ ಉಳಿದರೆ ಎಲ್ಲ ಆಫ್ ಮಾಡಿ ಆಂಪ್‌ನಿಂದ ಆರ್‌ಸಿಎ ಕಿತ್ತು, ಮತ್ತೆ ಆನ್ ಮಾಡಿ ಕೇಳಿ. ಆನ್ ಇರುವಾಗ ಕೀಳಬೇಡಿ. ಕೆಲವು ಸ್ಟೀರಿಯೋಗಳಲ್ಲಿ ಆರ್‌ಸಿಎ ಗ್ರೌಂಡ್‌ಗೆ ಸಾಸಿವೆ ಕಾಳಿನಷ್ಟು ಫ್ಯೂಸ್ ಇರುತ್ತದೆ, ಅದು ಹಾರಿದರೆ ಕುಂಯ್ ಸದ್ದು ಖಾಯಂ ಆಗುತ್ತದೆ. ಆರ್‌ಸಿಎ ಇಲ್ಲದೆಯೂ ಸದ್ದಿದ್ದರೆ ತಪ್ಪು ಆಂಪ್ ಕಡೆಯದು. ಇಲ್ಲದಿದ್ದರೆ ಸ್ಟೀರಿಯೋದ ಗ್ರೌಂಡ್ ನೋಡಿ, ಕೇಬಲ್ ಪವರ್ ವೈರಿನ ಪಕ್ಕದಲ್ಲೇ ಓಡಿದ್ದರೆ ಕಾರಿನ ಇನ್ನೊಂದು ಬದಿಗೆ ಸರಿಸಿ. ಬಹಳ ಜನ ಇದಕ್ಕೆ ಆರ್‌ಸಿಎ ನಡುವೆ ಸದ್ದು ತಡೆಯುವ ಐಸೋಲೇಟರ್ ಡಬ್ಬಿ ಹಾಕಿ ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಸೇರುವುದಿಲ್ಲ. ಅಗ್ಗದ ಡಬ್ಬಿ ಸದ್ದಿನ ಜೊತೆ ಬಾಸನ್ನೂ ತಿನ್ನುತ್ತದೆ.

ಸ್ಪೀಕರ್ ವೈರ್ ವಾಪಸ್ ಹಾಕುವಾಗ ಪ್ಲಸ್ ಮೈನಸ್ ನೋಡಿ ಹಾಕಿ. ಒಂದು ಡೋರ್ ಉಲ್ಟಾ ಆದರೂ ಬಾಸ್ ಮಾಯ. ಎಲ್ಲ ಆದ ಮೇಲೆ ಡ್ರೈವರ್ ಸೀಟಿನಲ್ಲಿ ಕೂತು, ಡ್ರಮ್ ಚೆನ್ನಾಗಿರುವ ನಿಮಗೆ ಗೊತ್ತಿರುವ ಹಾಡು ಹಾಕಿ. ಯಾರಿಗಾದರೂ ಸಬ್ ಆಂಪ್‌ನ ಫೇಸ್ ಸ್ವಿಚ್ ಅನ್ನು 0ಗೆ, 180ಗೆ ಬದಲಿಸಲು ಹೇಳಿ. ಯಾವುದರಲ್ಲಿ ಬಾಸ್ ತುಂಬಿ ಕೇಳುತ್ತದೋ ಅದೇ ಸರಿ. ಆಮೇಲೆ ಸ್ಟೀರಿಯೋದ ಸಬ್ ಲೆವೆಲ್ ಅನ್ನು ಕೆಳಗಿಳಿಸಿ, ಅಲ್ಲಿಂದ ಮೆಲ್ಲಗೆ ಏರಿಸುತ್ತಾ ಬನ್ನಿ. ಬಾಸ್ ಮುಂದಿನ ಗಾಜಿನ ಕಡೆಯಿಂದ ಬಂದಂತೆ ಅನ್ನಿಸಬೇಕು. ಡಿಕ್ಕಿಯಿಂದ ಬರುತ್ತಿದೆ ಅಂತ ಗೊತ್ತಾದರೆ ಒಂದೆರಡು ಹೆಜ್ಜೆ ಇಳಿಸಿ. ಸೊನ್ನೆಯಿಂದ ಮೇಲಕ್ಕೆ ಮಾತ್ರ ಹೋಗಬೇಡಿ, ಗೇನ್ ಸೆಟ್ ಮಾಡಿದ್ದು ಆ ಸೊನ್ನೆಯಲ್ಲೇ.

ಹೊಸ ಟ್ವೀಟರ್ ಇದೆಲ್ಲ ಮುಗಿದ ಮೇಲೆ ತನ್ನಿ, ಮುಂಚೆ ಬೇಡ. ಗೇನ್ ನಾಬ್ ನಿಂತ ಜಾಗಕ್ಕೆ ವೈಟ್ನರ್‌ನಿಂದ ಒಂದು ಚುಕ್ಕೆ ಇಡಿ. ಕಾರ್ ಹತ್ತಿದ ಗೆಳೆಯರಲ್ಲಿ ಒಬ್ಬನಾದರೂ ಡಿಕ್ಕಿ ತೆಗೆದು ಅದನ್ನು ತಿರುಗಿಸಿಯೇ ತಿರುಗಿಸುತ್ತಾನೆ.